ಎದ್ದ ಮ್ಯಾಲ ನೋಡು

ಸಿರುಗುಪ್ಪದ ಹಂಪಮ್ಮನ ಮನೆಯಲ್ಲಿ ಬೆಳಿಗ್ಗೆ ಮೊದಲು ಎಣ್ಣೆ, ಆಮೇಲೆ ಚಹಾ. ತಲೆಗೆ ಹಚ್ಚುವ ಎಣ್ಣೆಯಲ್ಲ, ಒಗ್ಗರಣೆಯದೂ ಅಲ್ಲ. ಬಾಗಿಲ ಮುಂದಿನ ಬೇವಿನ ಮರದ ಕೆಳಗೆ ನಿಂತ ಹಳದಿ ಗಾಡಿಯ ಗೇರ್‌ಬಾಕ್ಸಿನ ಎಣ್ಣೆ. ಗಾಡಿಗೆ ಮುಂದೆ ಮಣ್ಣು ನೂಕುವ ದೊಡ್ಡ ಬಕೆಟ್ಟು, ಹಿಂದೆ ಅಗೆಯುವ ಉದ್ದನೆಯ ಕೈ. ಯಾವ ಕಂಪನಿಯದಾದರೂ ಊರ ಬಾಯಲ್ಲಿ ಇಂಥವೆಲ್ಲ ಜೆಸಿಬಿಯೇ. ಇದು ಆ ಕಂಪನಿಯದಲ್ಲ, ಬೇರೆ ಯಾವುದೋ. ಹೆಸರು ಬರೆದಿದ್ದ ಬಣ್ಣ ಎಂದೋ ಉದುರಿಹೋಗಿ, ಈಗ ಅದು ಹಂಪಮ್ಮನ ಗಾಡಿ, ಅಷ್ಟೇ.

ಬೀದಿಯಲ್ಲಿ ಕೋಳಿ ಕೂಗುವ ಮೊದಲೇ ಆಕೆ ಏಳುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಣ್ಣೆ ನೋಡುವ ಉದ್ದನೆಯ ಕಡ್ಡಿಯನ್ನು ಎಳೆದು, ಹಳೇ ಬನಿಯನ್ನಿನ ಚೂರಿನಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ಬಾಗಿಲ ಬಲ್ಬಿಗೆ ಹಿಡಿಯುತ್ತಾಳೆ. ಕಡ್ಡಿಯ ಮೇಲೆ ಎರಡು ಗೆರೆ. ಎಣ್ಣೆ ಮೇಲಿನ ಗೆರೆ ಮುಟ್ಟಿದ್ದರೆ ಆಕೆಯ ಮುಖಕ್ಕೆ ಒಂದು ಸಮಾಧಾನ ಬರುತ್ತದೆ. ಆಮೇಲೆ ಬಕೆಟ್ಟಿನ ಹಲ್ಲುಗಳಿಗೆ ಕುಂಕುಮ, ಊದಿನಕಡ್ಡಿ, ಗಾಜಿಗೆ ಅಂಟಿಸಿದ ಬಾಬಾಸಾಹೇಬರ ಫೋಟೊಗೆ ಒಂದು ದಾಸವಾಳ. ಇಷ್ಟೆಲ್ಲ ಮುಗಿದ ಮೇಲೆಯೇ ಕೀ ತಿರುಗಿಸಬೇಕು. ಅದಕ್ಕೂ ಮೊದಲು ಇಂಜಿನ್ ಸದ್ದಾಯಿತೋ, ಹಂಪಮ್ಮನ ಬಾಯಿಯ ಸದ್ದು ಅದಕ್ಕಿಂತ ಜೋರು.

ಈ ಗಾಡಿಯ ಬೆಲೆ ಗೊತ್ತಾಗಬೇಕಾದರೆ ಆಕೆಯ ನೆತ್ತಿ ನೋಡಬೇಕು. ಹುಟ್ಟಿದ್ದು ಕುರುಗೋಡು ಸೀಮೆಯ ಬಾದನಹಟ್ಟಿ. ಲಂಗ ಉಡುವ ವಯಸ್ಸಿಗೇ ಅವ್ವನ ಹಿಂದೆ ಕಾಲುವೆ ಕೆಲಸಕ್ಕೆ ಹೋಗಿ ಮಣ್ಣಿನ ಪುಟ್ಟಿ ಹೊತ್ತವಳು. ಮದುವೆಯಾಗಿ ಮಲ್ಲಯ್ಯನ ಮನೆಗೆ ಬಂದ ಮೇಲೂ ಪುಟ್ಟಿ ಬಿಡಲಿಲ್ಲ. ಹೊತ್ತು ಹೊತ್ತು ನೆತ್ತಿಯ ನಡುವೆ ಅಂಗೈಯಗಲ ಕೂದಲೇ ಉಳಿಯಲಿಲ್ಲ. ಯಾರಾದರೂ ಕಾಲುವೆ ಯಾವ ಸರ್ಕಾರ ಮಾಡಿಸಿದ್ದು ಎಂದು ಮಾತೆತ್ತಿದರೆ, ತಲೆ ಬಗ್ಗಿಸಿ ಆ ಬೋಳು ಜಾಗ ತೋರಿಸುವುದು ಆಕೆಯ ತಮಾಷೆ.

ಮಲ್ಲಯ್ಯ ಅದಿರಿನ ಗಣಿಯಲ್ಲಿ ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಗಣಿ ನಿಂತಾಗ ಮನೆಗೆ ಬಂದ. ಕೊಳಗಲ್ಲಿನ ಹತ್ತಿರ ಒಂದು ಇಟ್ಟಿಗೆ ಭಟ್ಟಿಯ ಹಿಂದೆ, ಜಾಲಿ ಬೆಳೆದು ಮುಚ್ಚಿಹೋಗಿದ್ದ ಈ ಗಾಡಿಯನ್ನು ಕಂಡವನು ಅವನೇ. ಗುಜರಿಯವನಿಗೂ ಬೇಡವಾಗಿದ್ದ ಅದನ್ನು ಗಣಿಯ ಗೆಳೆಯ, ಕುರುಗೋಡಿನ ಮೆಕ್ಯಾನಿಕ್ ಓಬಳೇಶನ ಜೊತೆ ಸೇರಿ ಬಿಚ್ಚಿ, ತೊಳೆದು, ಜೋಡಿಸಿ ಜೀವ ತಂದ. ಅದು ಮೊದಲ ಸಲ ಕೇರಿಯಲ್ಲಿ ಒಂದು ಮನೆಯ ಪಾಯ ತೆಗೆದ ದಿನ ಹಂಪಮ್ಮ ನೋಡುತ್ತಾ ನಿಂತಿದ್ದಳು. ತಾನು ಒಂದು ಹೊತ್ತೆಲ್ಲ ಹೊರುತ್ತಿದ್ದ ಮಣ್ಣನ್ನು ಅದು ಒಂದೇ ತುತ್ತಿಗೆ ಎತ್ತಿ ಆಚೆ ಸುರಿಯಿತು. ಆಕೆಗೆ ಸಂತೋಷ ಬರಲಿಲ್ಲ, ಅಳು ಬಂತು, ಸಿಟ್ಟಿನ ಅಳು. ನನ್ನ ತಲೆ ಸವೆಯುವಾಗ ನೀನು ಎಲ್ಲಿ ಸತ್ತಿದ್ದೆ ಎಂದು ಗಾಡಿಯನ್ನೇ ಕೇಳಿದಳಂತೆ.

ಮಲ್ಲಯ್ಯನಿಗೆ ಅದು ಗಾಡಿಯಲ್ಲ, ಮನೆಯ ಮನುಷ್ಯ. ಬಿಸಿಯಾದರೆ ಜ್ವರ ಬಂದೈತಿ ಅನ್ನುವನು, ಕೆಸರಲ್ಲಿ ಸಿಕ್ಕಿದರೆ ಹಟ ಮಾಡೈತಿ ಅನ್ನುವನು. ನಿಲ್ಲಿಸಿದ್ದರೆ ಮಲಗೈತಿ, ಇಂಜಿನ್ ಹಚ್ಚಿದರೆ ಎದ್ದೈತಿ. ಮಲ್ಲಯ್ಯನಿಗೆ ಎರಡು ಸಂಸಾರ, ದೊಡ್ಡದು ಹೊರಗೆ ಮಲಗುತ್ತದೆ ಎಂದು ಕೇರಿಯವರು ನಗುತ್ತಿದ್ದರು. ಹಂಪಮ್ಮನೂ ನಗುತ್ತಿದ್ದಳು, ಒಳಗೊಳಗೆ ಸ್ವಲ್ಪ ಉರಿದುಕೊಂಡು.

ಆಮೇಲೆ ಅವನ ಎದೆಗೆ ಜ್ವರ ಇಳಿಯಿತು. ಬಳ್ಳಾರಿಯ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿ ಮಲಗಿಸಿದ್ದರು. ಮಾತೇ ಹೊರಡದ ಸ್ಥಿತಿ. ಒಂದು ಬೆಳಿಗ್ಗೆ ಹಂಪಮ್ಮನ ಮೊಣಕೈ ಹಿಡಿದು, ಒಂದೊಂದೇ ಮಾತನ್ನು ಉಸಿರಿನಿಂದ ಕಿತ್ತು ಹೇಳಿದ.

"ಗೇರ್‌ಬಾಕ್ಸಿನ ಎಣ್ಣಿ... ದಿನಾ ಎದ್ದ ಮ್ಯಾಲ ನೋಡು. ಮರೀಬ್ಯಾಡ."

ಅಷ್ಟೇ. ಮಕ್ಕಳಿಲ್ಲದ ಮನೆ, ಇನ್ನೇನೂ ಹೇಳಲಿಲ್ಲ. ಸಾಯುವಾಗಲೂ ಎಣ್ಣೆಯ ಮಾತೇ ಎಂದು ನೆಂಟರು ಆಡಿಕೊಂಡರು. ಹಂಪಮ್ಮನಿಗೆ ಮಾತ್ರ ಅದು ಹಾಗೆ ಕೇಳಿಸಲಿಲ್ಲ. ನಾಳೆಯಿಂದ ತಾನೊಬ್ಬಳೇ ಏಳಬೇಕು, ಎದ್ದರೆ ಏಕೆ ಎದ್ದೆ ಎಂದು ಕೇಳುವವರಿಲ್ಲ. ಅದಕ್ಕೇ ಆ ಪುಣ್ಯಾತ್ಮ ಎದ್ದ ಕೂಡಲೇ ಮಾಡಲು ಒಂದು ಕೆಲಸ ಕೊಟ್ಟು ಹೋದ ಎಂದುಕೊಂಡಳು. ಅವತ್ತಿನಿಂದ ಒಂದು ಬೆಳಗೂ ತಪ್ಪಿಸಲಿಲ್ಲ. ಎಷ್ಟೋ ದಿನ ಏಳಲು ಮನಸ್ಸೇ ಇಲ್ಲದಾಗ ಹಾಸಿಗೆಯಿಂದ ಎಬ್ಬಿಸಿದ್ದು ಆ ಮಾತೇ.

ಗಾಡಿ ಓಡಿಸಲು ಮೈದುನ ಭೀಮರಾಜ ಇದ್ದ, ಮಲ್ಲಯ್ಯನ ತಮ್ಮ. ಮಾತು ಕಡಿಮೆ, ಕೈ ಮಾತ್ರ ಬಂಗಾರ. ಗಾಡಿಯ ಹಿಂದಿನ ಆ ಉದ್ದ ಕೈಯಿಂದ ನೆಲಕ್ಕೆ ಬಿದ್ದ ಬೆಂಕಿಪೊಟ್ಟಣ ಎತ್ತಿಕೊಡುವಂಥವನು. ಕೆಲವು ದಿನಗಳಿಂದ ಅವನು ಗೇರ್‌ಬಾಕ್ಸು ಕುಂಯ್‌ಗುಡುತ್ತಿದೆ, ಎಣ್ಣೆ ಕಡಿಮೆ ಇರಬಹುದು, ನಾನೊಮ್ಮೆ ನೋಡಲೇ ಎಂದು ಕೇಳುತ್ತಿದ್ದ. ಹಂಪಮ್ಮ ಅವನ ಬಾಯಿ ಮುಚ್ಚಿಸಿದ್ದಳು. ಎಣ್ಣೆ ನನ್ನ ಕೆಲಸ, ನಿಮ್ಮಣ್ಣ ನನಗೆ ಹೇಳಿ ಹೋಗಿದ್ದಾನೆ, ಇವತ್ತೂ ಮೇಲಿನ ಗೆರೆಗೇ ಇತ್ತು, ನೀನು ಆ ಕಡ್ಡಿ ಮುಟ್ಟಬೇಡ. ಅವನು ಮುಟ್ಟಲಿಲ್ಲ.

ಗಾಡಿ ಕೈಕೊಟ್ಟದ್ದು ಕೆಂಚನಗುಡ್ಡದ ಹತ್ತಿರ, ತುಂಗಭದ್ರೆಯ ಪಾತ್ರದಲ್ಲಿ. ಹೊಲಗಳಿಗೆ ನೀರೆತ್ತುವ ಪಂಪಿನ ಬಾಯಿಗೆ ಹೂಳು ತುಂಬಿತ್ತು, ಮುಂಗಾರಿನ ನೀರು ಬರುವ ಮೊದಲು ಅದನ್ನು ತೆಗೆಯಬೇಕಿತ್ತು. ದಂಡೆಯನ್ನು ಓರೆಯಾಗಿ ಕಡಿದು ದಾರಿ ಮಾಡಿ ಗಾಡಿಯನ್ನು ಕೆಳಗೆ ಇಳಿಸಿದ್ದರು. ಹಂಪಮ್ಮ ರೊಟ್ಟಿ ಬುತ್ತಿ ಹಿಡಿದು ಹೋದಾಗ ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಲಿ ಮಾತ್ರ ತಿರುಗುತ್ತಿರಲಿಲ್ಲ. ಮುಂದಕ್ಕೆ ಹಾಕಿದರೆ ಏನೂ ಇಲ್ಲ. ಹಿಂದಕ್ಕೆ ಹಾಕಿದರೆ ಒಮ್ಮೆ ಜಗ್ಗಿ ಸುಮ್ಮನಾಗುತ್ತಿತ್ತು. ಕೂದಲು ಸುಟ್ಟಂಥ ವಾಸನೆ. ದಂಡೆಗೆ ಬೆನ್ನು ಮಾಡಿ, ನೀರಿನ ಕಡೆ ಮುಖ ಮಾಡಿ, ಮುಂದಿನ ಗಾಲಿಗಳನ್ನು ಹೂಳಿನಲ್ಲಿ ಊರಿ ಅದು ನಿಂತುಬಿಟ್ಟಿತ್ತು.

ಸುತ್ತ ಪಂಪಿನವರು, ಟ್ರ್ಯಾಕ್ಟರಿನವರು ನಿಂತಿದ್ದರು. ಅವರೆಲ್ಲರ ಎದುರಿಗೇ ಹಂಪಮ್ಮ ಮೈದುನನ ಮೇಲೆ ಹರಿಹಾಯ್ದಳು.

"ನಿಮ್ಮಣ್ಣನ್ನ ಜ್ವರ ತಿಂತು. ಅವನ ಗಾಡೀನ ನೀ ತಿಂದಿ."

ಭೀಮರಾಜ ಕೀ ತೆಗೆದು ಸೀಟಿನ ಮೇಲಿಟ್ಟ. ಹೊಳೆಯಲ್ಲಿ ಕೈ ತೊಳೆದುಕೊಂಡು, ಇಳಿಜಾರು ಹತ್ತಿ, ಹಿಂದೆ ತಿರುಗಿ ನೋಡದೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಆ ಹೊತ್ತಿಗೆ ಹಂಪಮ್ಮನಿಗೆ ತನ್ನ ಮಾತು ಮುತ್ತಿನಂತೆಯೇ ಸರಿಯಾಗಿ ಕಂಡಿತ್ತು.

ಎರಡು ಟ್ರ್ಯಾಕ್ಟರು ಕಟ್ಟಿ ಎಳೆಸಿದರು. ಸರಪಳಿ ಹರಿಯಿತು. ಮತ್ತೆ ಕಟ್ಟಿದರೆ ಗಾಡಿ ಮೇಲೆ ಬರುವ ಬದಲು ಟ್ರ್ಯಾಕ್ಟರುಗಳೇ ಕೆಳಗೆ ಜಾರಿದವು. ಅಷ್ಟರಲ್ಲಿ ದಂಡೆಯ ಮೇಲೆ ಮೈಕು ಕಟ್ಟಿದ ಆಟೊ ಬಂತು. ಡ್ಯಾಮಿನಿಂದ ನದಿಗೆ ನೀರು ಬಿಡುತ್ತಿದ್ದಾರೆ, ದನಕರು, ಪಂಪುಸೆಟ್ಟು ಏನಿದ್ದರೂ ಮೇಲಕ್ಕೆ ಸಾಗಿಸಿಕೊಳ್ಳಿ, ಪಾತ್ರದಲ್ಲಿ ಯಾರೂ ಇರಬೇಡಿ ಎಂದು ಕೂಗುತ್ತಾ ಹೋಯಿತು. ಟ್ರ್ಯಾಕ್ಟರಿನವರು ಹಂಪಮ್ಮನ ಮುಖ ನೋಡದೆ ಸರಪಳಿ ಬಿಚ್ಚಿಕೊಂಡರು. ಅವರ ತಪ್ಪಲ್ಲ, ಅವರ ಹೊಟ್ಟೆಯೂ ಟ್ರ್ಯಾಕ್ಟರಿನ ಮೇಲೇ ಇತ್ತು.

ನೀರು ಇಲ್ಲಿಯವರೆಗೆ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತೊಂದೇ ಈಗ ಹಂಪಮ್ಮನ ಆಸ್ತಿ. ಗಾಡಿ ಹೊಳೆಪಾಲಾದರೆ ತನಗೆ ಮತ್ತೆ ಪುಟ್ಟಿಯೇ ಗತಿ, ಈ ವಯಸ್ಸಿಗೆ, ಈ ನೆತ್ತಿಗೆ. ಅದಕ್ಕಿಂತ ಹೆಚ್ಚಿನ ಸಂಕಟ ಬೇರೆಯದಿತ್ತು: ಗಂಡ ನೋಡಿಕೋ ಎಂದು ಕೈಗಿಟ್ಟು ಹೋದದ್ದು ಒಂದೇ ಒಂದು, ಅದೂ ಉಳಿಯಲಿಲ್ಲವಲ್ಲ. ಕುರುಗೋಡಿಗೆ ಫೋನು ಮಾಡಿದಳು. ಓಬಳೇಶ ನಾಳೆ ಬರುತ್ತೇನೆ ಎಂದ. ನಾಳೆ ಬಂದರೆ ಹೊಳೆಯನ್ನು ನೋಡಿಕೊಂಡು ಹೋಗಬೇಕಾಗುತ್ತದೆ ಎಂದಳು. ಅವನು ಆಗಲೇ ಬೈಕು ಹತ್ತಿದ.

ಬಂದವನು ಮೊದಲು ಬೀಡಿ ಹಚ್ಚಿ ಗಾಡಿಯನ್ನು ಒಂದು ಸುತ್ತು ಹಾಕಿದ. ಹಂಪಮ್ಮನಿಗೆ ಅವನ ಕೈಯ ಬೀಡಿ ಕಿತ್ತು ಹೊಳೆಗೆ ಒಗೆಯಬೇಕೆನಿಸಿತು. ನೀರು ಆಗಲೇ ಕದಡತೊಡಗಿ, ಕಸಕಡ್ಡಿ ಹೊತ್ತು ಬರುತ್ತಿತ್ತು. ಅವನು ಇಂಜಿನ್ ಹಚ್ಚಿ, ಗೇರ್‌ಬಾಕ್ಸಿಗೆ ಒಂದು ಉದ್ದ ಸ್ಪ್ಯಾನರ್ ಒತ್ತಿ, ಅದರ ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡ. ಒಳಗೆ ಎಣ್ಣೆ ತಳ್ಳುವ ಪಂಪು ಗಾಳಿ ಕುಡಿಯುತ್ತಿದೆ ಎಂದ. ಗೇರಿನ ಹಲ್ಲು ಮುರಿದಿದ್ದರೆ ಕಟಕಟ ಅನ್ನಬೇಕು, ಅದಿಲ್ಲ. ಹಿಂದಕ್ಕೆ ಹಾಕಿದಾಗ ಒಮ್ಮೆಯಾದರೂ ಜಗ್ಗುತ್ತದೆ ಅಂದರೆ ಹಿಂದಕ್ಕೆ ಓಡಿಸುವ ಕ್ಲಚ್ ಪ್ಲೇಟುಗಳಲ್ಲಿ ಇನ್ನೂ ಜೀವ ಇದೆ, ಮುಂದಕ್ಕೆ ಓಡಿಸುವವು ಸುಟ್ಟಿವೆ. ಎಣ್ಣೆಯ ಒತ್ತಡ ಇದ್ದರೇ ಆ ಪ್ಲೇಟುಗಳು ಒಂದನ್ನೊಂದು ಹಿಡಿಯುವುದು, ಹಿಡಿದರೇ ಗಾಲಿ ತಿರುಗುವುದು. ಇಷ್ಟು ಹೇಳಿ, ಇಂಜಿನ್ ಓಡುತ್ತಿರುವಾಗಲೇ ಎಣ್ಣೆಯ ಕಡ್ಡಿ ಎಳೆದ.

ಕಡ್ಡಿ ಒಣಗಿತ್ತು. ತುದಿಯಲ್ಲಿ ಮಾತ್ರ ಕರಿ ನೊರೆ.

ಹಂಪಮ್ಮ ನಂಬಲಿಲ್ಲ. ಬೆಳಿಗ್ಗೆ ನಾನೇ ನೋಡಿದ್ದೇನೆ, ಮೇಲಿನ ಗೆರೆಗೆ ಇತ್ತು, ಆಣೆ ಮಾಡಿ ಹೇಳುತ್ತೇನೆ ಎಂದಳು. ಭೀಮರಾಜನೇ ಎಣ್ಣೆ ಕದ್ದು ಮಾರಿರಬೇಕು ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಓಬಳೇಶ ಇಂಜಿನ್ ನಿಲ್ಲಿಸಿದ. ಬೀಡಿಯ ಕೊನೆಯ ದಮ್ಮು ಎಳೆಯುವಷ್ಟು ಹೊತ್ತು ಕಾದು ಮತ್ತೆ ಕಡ್ಡಿ ಎಳೆದು ತೋರಿಸಿದ. ಎಣ್ಣೆ ಮೇಲಕ್ಕೆ ಏರುತ್ತಿತ್ತು. ಇನ್ನಷ್ಟು ಕಾದು ಎಳೆದಾಗ ಮೇಲಿನ ಗೆರೆಯ ಹತ್ತಿರ ಬಂದಿತ್ತು.

ಗಾಡಿ ನಿಂತಾಗ ಮೇಲೆ ತಿರುಗಾಡುವ ಎಣ್ಣೆಯೆಲ್ಲ ಕೆಳಗೆ ಇಳಿದು ನಿಲ್ಲುತ್ತದೆ, ತುಂಬಿದ ಹಾಗೆ ಕಾಣುತ್ತದೆ, ಎಂದು ಅವನು ವಿವರಿಸಿದ. ಇಂಜಿನ್ ಹಚ್ಚಿದ ಕೂಡಲೇ ಅದೆಲ್ಲ ಮೇಲೆ ಹೋಗಿ ಕೆಳಗೆ ಖಾಲಿ. ಎಲ್ಲೋ ಸೀಲು ಸೋರಿ ದಿನಾ ಒಂದಿಷ್ಟು ಕಡಿಮೆಯಾಗುತ್ತಾ ಬಂದಿದೆ, ಯಾರಿಗೂ ಗೊತ್ತಾಗಿಲ್ಲ. ಲಾರಿಯ ಇಂಜಿನ್ ಎಣ್ಣೆಯನ್ನಾದರೆ ನಿಲ್ಲಿಸಿಯೇ ನೋಡಬೇಕು; ಈ ಗಾಡಿಯ ಗೇರ್‌ಬಾಕ್ಸಿನದು ಮಾತ್ರ ಓಡುವಾಗ ನೋಡಬೇಕು. ಮಲ್ಲಯ್ಯನಿಗೆ ಇದನ್ನು ಕಲಿಸಿದವನೇ ತಾನು.

"ನೀ ಯಾವಾಗ ನೋಡ್ತಿದ್ದಿ, ತಂಗಿ?"

"ಎದ್ದ ಮ್ಯಾಲ. ಅವರು ಹಂಗ ಹೇಳಿದ್ರು. ಎದ್ದ ಮ್ಯಾಲ ನೋಡು ಅಂತ."

ಓಬಳೇಶ ಆಕೆಯ ಮುಖವನ್ನೇ ನೋಡಿದ. ಮಲ್ಲಯ್ಯನ ಭಾಷೆ ಅವನಿಗೂ ಗೊತ್ತಿತ್ತು.

"ಯಾರು ಎದ್ದ ಮ್ಯಾಲ?" ಎಂದ ಮೆಲ್ಲಗೆ.

ಹಂಪಮ್ಮ ಹೂಳಿನ ಮೇಲೇ ಕೂತಳು. ಮಲಗೈತಿ, ಎದ್ದೈತಿ. ಅಷ್ಟು ವರ್ಷ ಅದೇ ಮಾತು ಕೇಳಿ ನಕ್ಕವಳಿಗೆ ಆ ದವಾಖಾನೆಯಲ್ಲಿ ಮಾತ್ರ ಅದು ನೆನಪಾಗಲಿಲ್ಲ. ಅವನು ಗಾಡಿ ಎದ್ದ ಮೇಲೆ ಅಂದಿದ್ದ. ತಾನು ಎದ್ದ ಮೇಲೆ ಅಂದುಕೊಂಡಳು. ದಿನಾ ಬೆಳಿಗ್ಗೆ, ಗಾಡಿ ಮಲಗಿರುವಾಗ, ಏಳುವ ಮೊದಲೇ, ಪೂಜೆಯ ಹೆಸರಲ್ಲಿ ಯಾರಿಗೂ ಅದನ್ನು ಎಬ್ಬಿಸಲು ಬಿಡದೆ ನೋಡಿದಳು. ಒಂದು ದಿನವಾದರೂ ಮರೆತು ಗಾಡಿ ಎದ್ದ ಮೇಲೆ ನೋಡಿದ್ದರೆ, ಒಂದು ದಿನವಾದರೂ ಭೀಮರಾಜನ ಕೈಗೆ ಕಡ್ಡಿ ಕೊಟ್ಟಿದ್ದರೆ ಗಾಡಿ ಉಳಿಯುತ್ತಿತ್ತು. ತನ್ನ ಭಕ್ತಿಯೇ ಅದನ್ನು ತಿಂದಿತ್ತು. ಅದೂ ಹೋಗಲಿ, ಕೊನೆಯ ಉಸಿರಲ್ಲಿ ಅವನು ತನ್ನ ಬೆಳಗುಗಳ ಬಗ್ಗೆ ಯೋಚಿಸಿದ ಎಂದು ನಂಬಿದ್ದಳಲ್ಲ, ಅದೂ ಇರಲಿಲ್ಲ. ಅವನು ದೊಡ್ಡ ಸಂಸಾರವನ್ನೇ ನೆನೆದಿದ್ದ. ಹಂಪಮ್ಮನಿಗೆ ಗಂಡ ಎರಡನೇ ಸಲ ಸತ್ತಂತಾಯಿತು, ಈ ಸಲ ಅಳಲು ಹೊತ್ತೂ ಇರಲಿಲ್ಲ.

ನೀರು ಮುಂದಿನ ಗಾಲಿ ಮುಟ್ಟಿತು. ಓಬಳೇಶ ಕೆಳಗೆ ತೂರಿ, ಎಣ್ಣೆ ಹೀರುವ ಜಾಲರಿ ಬಿಚ್ಚಿ, ಅದಕ್ಕೆ ಮೆತ್ತಿದ್ದ ಪ್ಲೇಟಿನ ಕರಿ ಪುಡಿಯನ್ನು ಡೀಸೆಲ್‌ನಲ್ಲಿ ತೊಳೆದು ಹಾಕಿದ. ಬರುವಾಗ ಡಬ್ಬಿಗಟ್ಟಲೆ ಎಣ್ಣೆ ತಂದಿದ್ದ. ಇಂಜಿನ್ ಓಡುತ್ತಿರುವಾಗಲೇ ಸುರಿದು, ನೋಡಿ, ಮತ್ತೆ ಸುರಿದ. ಕುಂಯ್ ಸದ್ದು ನಿಂತಿತು. ಹಿಂದಕ್ಕೆ ಹಾಕಿದಾಗ ಗಾಡಿ ನಡುಗಿ, ಒಂದು ಗೇಣು ಹಿಂದೆ ಸರಿದು, ಏರು ಸಿಕ್ಕ ಕೂಡಲೇ ನಿಂತಿತು.

ಇಷ್ಟೇ ಆಗುವುದು, ಪ್ಲೇಟಿನಲ್ಲಿ ಇಷ್ಟೇ ಉಳಿದಿರುವುದು ಎಂದ. ಹಿಂದಿನ ಉದ್ದ ಕೈಯನ್ನು ದಂಡೆಗೆ ಕಚ್ಚಿಸಿ ಎಳೆದುಕೊಳ್ಳಬೇಕು. ಆ ಕೈ ಹಿಡಿತ ಬಿಟ್ಟು ಮುಂದಿನ ಹಿಡಿತಕ್ಕೆ ಹೋಗುವಷ್ಟು ಹೊತ್ತು ಈ ಗೇರು ಗಾಡಿ ಜಾರದಂತೆ ಹಿಡಿದುಕೊಂಡೀತು. ಆದರೆ ಆ ಕೈ ಆಡಿಸುವುದು ತನ್ನಿಂದಾಗದು. ಗಾಡಿ ಬಿಚ್ಚುವವನು ಬೇರೆ, ಆಡಿಸುವವನು ಬೇರೆ. ಒಮ್ಮೆ ತಪ್ಪಿದರೆ ಗಾಡಿ ಮಗುಚಿಬೀಳುತ್ತದೆ.

ಯಾರನ್ನು ಕರೆಯಬೇಕೆಂದು ಅವನು ಹೇಳಲಿಲ್ಲ. ಹಂಪಮ್ಮ ಫೋನು ತೆಗೆದಳು. ಆ ಕಡೆ ಎತ್ತಿದ ಸದ್ದಾಯಿತು.

"ಭೀಮಾ, ಎಣ್ಣಿ ನಾನ ಕೆಡಿಸೀನಿ. ನಿಂದೇನೂ ತಪ್ಪಿಲ್ಲ. ಗಾಡಿ ಉಳಿದ್ರೂ ಹೋದ್ರೂ ಇದು ನಿನಗ ಗೊತ್ತಾಗ್ಬೇಕು. ಬರಾಕ ಮನಸಾದ್ರ ಬಾ."

ಫೋನು ಕಟ್ಟಾಯಿತು. ಬರುವುದಿಲ್ಲ ಎಂದುಕೊಂಡಳು. ಅವನ ಜಾಗದಲ್ಲಿ ತಾನಿದ್ದರೂ ಬರುತ್ತಿರಲಿಲ್ಲ. ಗಾಡಿಯ ಮುಂದಿನ ಗಾಲಿ ಅರ್ಧ ಮುಳುಗಿತ್ತು. ಹೊಳೆ ಕೆಂಪಾಗಿ, ಅಗಲವಾಗಿ, ಯಾವ ಅವಸರವೂ ಇಲ್ಲದೆ ಏರುತ್ತಿತ್ತು. ಆಕೆ ಕ್ಯಾಬಿನ್ನು ಹತ್ತಿ ಗಾಜಿನ ಮೇಲಿನ ಫೋಟೊ ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಾಗ ಇಳಿಜಾರಿನಲ್ಲಿ ಯಾರೋ ಓಡಿ ಬರುವುದು ಕಾಣಿಸಿತು. ಭೀಮರಾಜ ದೂರ ಹೋಗಿರಲೇ ಇಲ್ಲ. ಊರ ಮುಂದಿನ ಹೋಟೆಲಿನಲ್ಲಿ ಕೂತು ಹೊಳೆಯನ್ನೇ ನೋಡುತ್ತಿದ್ದನಂತೆ.

ಅವನು ಸೀಟನ್ನು ಹಿಂದಕ್ಕೆ ತಿರುಗಿಸಿ ಕೂತ. ಗೇರಿನ ಹಿಡಿಕೆ ಸವೆದು ತಾನಾಗಿ ಜಾರುತ್ತಿತ್ತು, ಅದನ್ನು ಯಾರಾದರೂ ಕೈಯಿಂದ ಒತ್ತಿ ಹಿಡಿಯಲೇಬೇಕಿತ್ತು. ಓಬಳೇಶ ಕೆಳಗೆ ನಿಂತು ಗಾಲಿಗೆ ಕಲ್ಲು ಕೊಡಬೇಕು. ಉಳಿದವಳು ಹಂಪಮ್ಮ. ಜೀವಮಾನದಲ್ಲಿ ಸ್ಟೇರಿಂಗು ಮುಟ್ಟದವಳು ಎರಡೂ ಕೈಯಿಂದ ಹಿಡಿಕೆ ಒತ್ತಿ ನಿಂತಳು. ಅವಳ ಮುಖ ಹೊಳೆಗೆ, ಅವನ ಮುಖ ದಂಡೆಗೆ, ಬೆನ್ನಿಗೆ ಬೆನ್ನು.

ಹಿಂದಿನ ಕೈ ಚಾಚಿ ದಂಡೆಯನ್ನು ಕಚ್ಚಿತು. ಗಾಡಿ ನರಳುತ್ತಾ ಒಂದು ಮಾರು ಹಿಂದೆ ಬಂತು. ಮುಂದಿನ ಹಿಡಿತಕ್ಕಾಗಿ ಕೈ ದಂಡೆಯನ್ನು ಬಿಟ್ಟಿತು. ಆ ಕ್ಷಣ ಗಾಡಿ ಜಾರಿ ಮುಂದಿನ ಗಾಲಿ ಮತ್ತೆ ನೀರಿಗಿಳಿಯಿತು. ಹಂಪಮ್ಮ ಮೈಯ ಭಾರವನ್ನೆಲ್ಲ ಹಿಡಿಕೆಗೆ ಹಾಕಿದಳು. ಗೇರು ಹಿಡಿಯಿತು. ಕೈ ಮತ್ತೆ ಕಚ್ಚಿತು. ಸುಟ್ಟ ವಾಸನೆ ಕ್ಯಾಬಿನ್ನು ತುಂಬಿತು. ಹಿಡೀರಿ, ಅತ್ತಿಗಿ, ಹಿಡೀರಿ, ಎಂದು ಹಿಂದಿನಿಂದ ಅವನ ಧ್ವನಿ. ಆಕೆ ಅಳುತ್ತಿದ್ದಳು, ಬೈಯುತ್ತಿದ್ದಳು, ಗಾಡಿಯನ್ನೋ ಗಂಡನನ್ನೋ ಆಕೆಗೇ ಗೊತ್ತಿರಲಿಲ್ಲ. ಏರಿನ ನಡುವೆ ಒಮ್ಮೆ ಗಾಡಿ ಪಕ್ಕಕ್ಕೆ ವಾಲಿದಾಗ ಆಕೆ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಗಾಜಿನಲ್ಲಿ ಹೊಳೆ ಕೆಳಗೆ ಇಳಿದುಹೋಗಿತ್ತು, ಆಕಾಶ ಕಾಣುತ್ತಿತ್ತು. ಗಾಡಿ ದಂಡೆಯ ಮೇಲಿತ್ತು. ಗೇರು ಅಲ್ಲಿಗೆ ಪೂರ್ತಿ ಸತ್ತಿತು; ಆಮೇಲೆ ಅದು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಲಾರಿಯ ಮೇಲೆ ಅದನ್ನು ಬಳ್ಳಾರಿಗೆ ಸಾಗಿಸಿ, ಒಂದು ವರ್ಕ್‌ಶಾಪಿನಲ್ಲಿ ಓಬಳೇಶನೇ ಗೇರ್‌ಬಾಕ್ಸು ಇಳಿಸಿ ಬಿಚ್ಚಿದ. ಪ್ಲೇಟುಗಳು ಸುಟ್ಟ ರೊಟ್ಟಿಯಂತೆ ಕರಕಲಾಗಿದ್ದವು. ಒಂದೊಂದನ್ನೂ ಹಂಪಮ್ಮ ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಹೊಸ ಪ್ಲೇಟು, ಹೊಸ ಸೀಲು ಬಿದ್ದು ಗಾಡಿ ಸಿರುಗುಪ್ಪಕ್ಕೆ ವಾಪಸು ಬಂದು ಬೇವಿನ ಮರದ ಕೆಳಗೆ ನಿಂತಿತು.

ಮರುದಿನ ಬೆಳಿಗ್ಗೆ ಹಂಪಮ್ಮ ಏಳಲಿಲ್ಲ. ಎಚ್ಚರವಿತ್ತು, ಏಳಲು ಕಾರಣವಿರಲಿಲ್ಲ. ಆ ಕೆಲಸ ತನಗೆಂದು ಯಾರೂ ಕೊಟ್ಟಿರಲಿಲ್ಲ ಎಂದು ಈಗ ಗೊತ್ತಾಗಿತ್ತಲ್ಲ. ಕೋಳಿ ಕೂಗಿತು, ಬೀದಿಯಲ್ಲಿ ನಲ್ಲಿಗೆ ಕೊಡಗಳು ಬಂದವು, ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ಆಗ ಹೊರಗೆ ಕೀ ತಿರುಗಿದ ಸದ್ದು. ಪೂಜೆಯಿಲ್ಲ, ಕುಂಕುಮವಿಲ್ಲ, ಇಂಜಿನ್ ಕೆಮ್ಮಿ, ಗುಡುಗಿ, ಹದಕ್ಕೆ ಬಂತು. ಬಾಗಿಲಲ್ಲಿ ಭೀಮರಾಜ ನಿಂತಿದ್ದ. ಕೈಯಲ್ಲಿ ಬನಿಯನ್ನಿನ ಚೂರು. ಕಡ್ಡಿಯನ್ನು ಅವನು ಮುಟ್ಟಿರಲಿಲ್ಲ.

"ಎದ್ದೈತಿ, ಅತ್ತಿಗಿ. ನೀವೂ ಏಳ್ರಿ. ಎಣ್ಣಿ ನೋಡ್ರಿ."